ತಿರುವಿನಮ್ಮನನ್ನು ಮಾಡಿದವಳು

ಮೊದಲೇ ಹೇಳಿಬಿಡುತ್ತೇನೆ, ಈ ವಿಷಯದಲ್ಲಿ ನಾನೂ ಸಾಚಾ ಅಲ್ಲ. ಅಡ್ಡಗದ್ದೆ ದಾಟಿ ಶೃಂಗೇರಿ ಕಡೆಗೆ ಬರುವಾಗ ಎರಡನೆಯ ತಿರುವಿನಲ್ಲಿ ಹತ್ತೊಂಬತ್ತು ವರ್ಷದಿಂದ ನನ್ನದೊಂದು ಅಂಗಡಿಯಿದೆ. ಒಂದು ಕಡೆ ಬಾಳೆಹಣ್ಣು, ಬೀಡಿ, ಸೋಪು. ಇನ್ನೊಂದು ಕಡೆ ಹೊಲಿಗೆ ಮಿಷನ್ನು. ‘ಬಿಲ್ಕಿಸ್ ಟೈಲರ್’ ಎಂದು ಬೋರ್ಡೂ ಇದೆ. ಹೋದ ವರ್ಷದಿಂದ ತೆಂಗಿನಕಾಯಿ, ಊದಿನಕಡ್ಡಿ, ಕುಂಕುಮದ ಪೊಟ್ಟಣ ಕೂಡ ಮಾರುತ್ತಿದ್ದೇನೆ. ಅವು ನನ್ನ ಅಂಗಡಿಗೆ ಹೇಗೆ ಬಂದವು ಎಂದು ಹೇಳಬೇಕಾದರೆ ಸುಂದ್ರಿಯ ಬದುಕನ್ನೇ ಹೇಳಬೇಕು.

ಪೂರ್ತಿ ಹೆಸರು ತ್ರಿಪುರಸುಂದರಿ. ಅವಳ ಅಪ್ಪ ಶೃಂಗೇರಿಯ ಹೋಟೆಲುಗಳಿಗೆ ಕಟ್ಟಿಗೆ ಒಡೆಯುತ್ತಿದ್ದವನು. ಮಗಳಿಗೆ ಹೆಸರಿಡುವಾಗ ಮಾತ್ರ ಜಿಪುಣತನ ಮಾಡಲಿಲ್ಲ, ಉಳಿದಂತೆ ಏನನ್ನೂ ಕೊಡಲೂ ಇಲ್ಲ. ಏಳನೆಯ ಕ್ಲಾಸಿಗೆ ಶಾಲೆ ಬಿಡಿಸಿ, ಹತ್ತೊಂಬತ್ತಕ್ಕೆ ಗೋವಿಂದನಿಗೆ ಕೊಟ್ಟು ಕೈ ತೊಳೆದುಕೊಂಡ. ಗೋವಿಂದ ಅಡಿಕೆ ಕೊನೆ ತೆಗೆಯುವುದರಲ್ಲಿ ಎತ್ತಿದ ಕೈ. ಒಂದು ಮರದಿಂದ ಕೆಳಗಿಳಿಯದೆ ಇನ್ನೊಂದು ಮರಕ್ಕೆ ದಾಟಿಬಿಡುತ್ತಿದ್ದ. ಎಂಟು ವರ್ಷದ ಹಿಂದೆ ಹಾಗೆ ದಾಟುವಾಗಲೇ ಬಿದ್ದ. ಸೊಂಟ ಹೋಯಿತು. ನಡೆಯಬಲ್ಲ, ಆದರೆ ಹತ್ತಲಾರ, ಹೊರಲಾರ. ಸುಂದ್ರಿ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡಿಗೆಗೆ ಸೇರಿದಳು. ಮಕ್ಕಳಿಲ್ಲ. ಅವನು ಜಗುಲಿಯಲ್ಲಿ ಕೂತು ದಿನವಿಡೀ ಅಡಿಕೆ ಮರದ ತುದಿ ನೋಡುತ್ತಿದ್ದ. ಕೆಟ್ಟವನಲ್ಲ. ಕೆಲಸವಿಲ್ಲದ ಗಂಡಸಿಗೆ ಬಾಯಿ ಸ್ವಲ್ಪ ಉದ್ದವಾಗುತ್ತದೆ, ಅಷ್ಟೆ.

ನಾಲ್ಕು ವರ್ಷದ ಹಿಂದೆ ಶಾಲೆಯಲ್ಲಿ ಮಕ್ಕಳಿಂದ ಮಣ್ಣಿನ ಗಣಪತಿ ಮಾಡಿಸಿದರು. ಉಳಿದ ಜೇಡಿಮಣ್ಣನ್ನು ಸುಂದ್ರಿ ಪಾತ್ರೆ ತೊಳೆದಾದ ಮೇಲೆ ಚಪಾತಿ ಹಿಟ್ಟಿನ ಹಾಗೆ ನಾದಿ ಒಂದು ಮುದುಕಿಯನ್ನು ಮಾಡಿದಳು. ಮುದುಕಿಗೆ ಮೂಗಿನ ಜಾಗದಲ್ಲಿ ಹಾಗಲಕಾಯಿ. ನನಗೆ ತಂದು ತೋರಿಸಿದಳು.

“ಯಾರೇ ಇದು?” ಎಂದೆ.

“ಯಾರೂ ಅಲ್ಲ ಬಿಲ್ಕಿಸಕ್ಕ. ಈಗಷ್ಟೇ ಬಂದ್ಲು” ಎಂದಳು.

ಆಮೇಲೆ ಅವರು ಬರುತ್ತಲೇ ಇದ್ದರು. ಹೊಟ್ಟೆಯೊಳಗೆ ಗಡಿಯಾರ ನುಂಗಿದ ಹೆಡ್‌ಮಾಸ್ಟರು. ತಲೆಯ ಮೇಲೆ ಕೆರೆ ಹೊತ್ತು, ಆ ಕೆರೆಯಲ್ಲಿ ಕಪ್ಪೆ ಸಾಕಿದ ಲೈನ್‌ಮನ್. ತನ್ನದೇ ನೆರಳನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ತಾಲ್ಲೂಕು ಆಫೀಸಿಗೆ ಹೊರಟವನು. ಊರಿನಲ್ಲಿ ಇಂಥವರು ಯಾರೂ ಇರಲಿಲ್ಲ, ಆದರೂ ನೋಡಿದರೆ ಎಲ್ಲೋ ಕಂಡ ಹಾಗೆ ಅನ್ನಿಸುತ್ತಿತ್ತು. ನನ್ನ ಮಗಳು ಅಂಬರೀನ್ ಕೊಪ್ಪದಲ್ಲಿ ಡಿಗ್ರಿ ಓದುತ್ತಾಳೆ. ಅವಳ ಮೊಬೈಲಿನಲ್ಲಿ ಮಣ್ಣಿನ ಕೆಲಸದ ವಿಡಿಯೋಗಳನ್ನು ನೋಡುತ್ತ ನೋಡುತ್ತ ಸುಂದ್ರಿ ಕಲಿತಳು. ಮೊದಲ ಎರಡು ಸಲ ಭತ್ತದ ಹೊಟ್ಟಿನಲ್ಲಿ ಸುಟ್ಟಾಗ ಗೊಂಬೆಗಳೆಲ್ಲ ಪಟಾಕಿಯ ಹಾಗೆ ಒಡೆದವು. ಒಳಗೆ ಪೊಳ್ಳು ಬಿಡಬೇಕು, ಗೋಡೆ ಹೆಬ್ಬೆರಳಿಗಿಂತ ದಪ್ಪ ಇರಬಾರದು, ಮಣ್ಣಿನಲ್ಲಿ ಗಾಳಿಯ ಗುಳ್ಳೆ ಉಳಿಯಬಾರದು ಎಂದು ಒಡೆದ ಮೇಲೆಯೇ ಗೊತ್ತಾದದ್ದು. ಛತ್ರಿಯ ಕಡ್ಡಿ, ಮುರಿದ ಬಾಚಣಿಗೆ, ನನ್ನ ಅಂಗಡಿಯ ತುಕ್ಕು ಹಿಡಿದ ಕತ್ತರಿ, ಇಷ್ಟೇ ಅವಳ ಸಾಮಾನು.

ಗೋವಿಂದ ಗೊಣಗುತ್ತಿದ್ದ. “ಮಣ್ಣು ಕಲಸಿದ್ರೆ ಎಂತ ಸಿಗುತ್ತೆ ಇವಳಿಗೆ? ಕೈಕಾಲೆಲ್ಲ ಕೆಸರು.” ಅವಳು ನಾದುತ್ತಲೇ ಇದ್ದಳು. ಮೂರು ವರ್ಷದಲ್ಲಿ ಇಪ್ಪತ್ತಮೂರು ಗೊಂಬೆ ಮಾಡಿ ಅಡಿಗೆಮನೆಯ ಅಟ್ಟದಲ್ಲಿ ಸಾಲಾಗಿ ಇಟ್ಟಿದ್ದಳು.

ಇಪ್ಪತ್ತನಾಲ್ಕನೆಯದು ಹೋದ ವರ್ಷ ಜನವರಿಯಲ್ಲಿ ಮಾಡಿದ್ದು. ಒಂದೂವರೆ ಮೊಳ ಎತ್ತರದ ಹೆಂಗಸು, ಕೂತಿದ್ದಾಳೆ. ತೊಡೆಯ ಮೇಲೆ ಉಬ್ಬಿದ ಚೀಲ. ಬಲಗೈ ಎತ್ತಿದ್ದಾಳೆ. ಕಿವಿ ಎರಡೂ ಮೊರದಷ್ಟು ಅಗಲ, ಬಾಯಿ ಅರ್ಧ ತೆರೆದಿದೆ.

“ಬಸ್ಸಿಗೆ ಕೈ ಅಡ್ಡ ಹಾಕಿದವಳು ಇವಳು. ಬಸ್ಸಿನ ಸದ್ದಿಗೆ ಕಾದು ಕಾದು ಕಿವಿ ಬೆಳೆದುಬಿಟ್ಟಿದೆ” ಎಂದಳು ಸುಂದ್ರಿ.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಇನ್ನೊಂದು ಸಲ ಮುಖ ನೋಡಿದಾಗ ನಗು ನಿಂತಿತು. ಕೈ ಎತ್ತಿದ ಮೇಲೂ ಡ್ರೈವರು ನಿಲ್ಲಿಸದೆ ಹೋದರೆ ಆ ಎತ್ತಿದ ಕೈಯನ್ನು ಎಲ್ಲಿಡುವುದು ಎಂದು ತೋಚುವುದಿಲ್ಲವಲ್ಲ, ಆ ನಾಚಿಕೆ ಆ ಮುಖದಲ್ಲಿತ್ತು. ನಮಗೆಲ್ಲ ಗೊತ್ತಿರುವ ನಾಚಿಕೆ. ಮಣ್ಣಿನಲ್ಲಿ ಅದನ್ನು ತರುವುದಕ್ಕೆ ಬಿಸಿಯೂಟದ ಹೆಂಗಸಿಗೆ ಎಲ್ಲಿಂದ ಬುದ್ಧಿ ಬಂತೋ, ಆ ಅಲ್ಲಾಹನಿಗೇ ಗೊತ್ತು.

ಅಂಬರೀನ್ ಅದರ ಫೋಟೋ ತೆಗೆದು ಒಂದು ಅರ್ಜಿಗೆ ಹಾಕಿದಳು. ಶಿವಮೊಗ್ಗದ ಕಡೆ ಈಶಾನ ಎನ್ನುವ ಒಬ್ಬ ಶಿಲ್ಪಿ ಪ್ರತಿ ಬೇಸಿಗೆ ಮೂರು ತಿಂಗಳ ಶಿಬಿರ ಮಾಡುತ್ತಾರಂತೆ. ಆರೇ ಜನಕ್ಕೆ ಜಾಗ. ಊಟ, ವಸತಿ, ಕಲಿಸುವವರು, ಸುಡುವುದಕ್ಕೆ ದೊಡ್ಡ ಭಟ್ಟಿ. ಭಟ್ಟಿಯ ಫೋಟೋವನ್ನು ಸುಂದ್ರಿ ಎರಡು ಬೆರಳಿನಲ್ಲಿ ಅಗಲ ಮಾಡಿ ಮಾಡಿ ನೋಡಿದಳು. “ಇದರಲ್ಲಿ ಆಳೆತ್ತರದ್ದನ್ನೂ ಸುಡಬಹುದು ಅಕ್ಕ” ಎಂದಳು. ಮದುವೆಯಾದಾಗಿನಿಂದ ಅವಳು ತನಗೆಂದು ಏನನ್ನಾದರೂ ಬಯಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅರ್ಜಿ ಹಾಕಿದ ವಾರದ ಭಾನುವಾರ ಗೊಂಬೆಗೆ ಕೆಮ್ಮಣ್ಣಿನ ಬಣ್ಣ ಬಳಿದಿದ್ದಳು. ಅವಳ ಅಂಗಳಕ್ಕೆ ಮಧ್ಯಾಹ್ನದವರೆಗೆ ಬಿಸಿಲು ಬೀಳುವುದಿಲ್ಲ. ನನ್ನ ಅಂಗಡಿಯ ಎದುರಿನ ಮೋರಿಕಟ್ಟೆಗೆ ಬೀಳುತ್ತದೆ. ತಂದು ಅದರ ಮೇಲಿಟ್ಟು, “ದನ ಬಂದು ತಾಗದ ಹಾಗೆ ನೋಡ್ಕೊಳಿ ಬಿಲ್ಕಿಸಕ್ಕ” ಎಂದು ಹೇಳಿ ಗೋವಿಂದನ ಔಷಧಿಗೆ ಕೊಪ್ಪಕ್ಕೆ ಹೋದಳು. ದನವೇನೋ ಬರಲಿಲ್ಲ. ಒಂದೂವರೆ ಹೊತ್ತಿಗೆ ಅಡಿಕೆ ಮೂಟೆ ಹೇರಿದ ಲಾರಿಯೊಂದು ಬ್ರೇಕ್ ತಪ್ಪಿ ಇಳಿಜಾರಿನಲ್ಲಿ ಬಂತು. ಡ್ರೈವರು ಅದನ್ನು ರಸ್ತೆ ಪಕ್ಕದ ಎತ್ತರದ ಧರೆಗೆ ಉಜ್ಜಿಸಿದ. ಮೋರಿಕಟ್ಟೆಗೆ ಒಂದು ಗೇಣು ಇರುವಾಗ ನಿಂತಿತು. ಕಟ್ಟೆಯ ಆಚೆ ಕಂದರ.

ಡ್ರೈವರು ಇಳಿದ. ಎದುರಿಗೆ ನೋಡುತ್ತಾನೆ, ಕೆಂಪು ಹೆಂಗಸು, ಕೈ ಎತ್ತಿ ಕೂತಿದ್ದಾಳೆ. ಅಲ್ಲೇ ರಸ್ತೆಯಲ್ಲಿ ಅಡ್ಡಬಿದ್ದ.

“ಅಮ್ಮ ಕೈ ಅಡ್ಡ ಕೊಟ್ಟು ನಿಲ್ಲಿಸಿದ್ಲು” ಎಂದ.

“ಅದು ನಮ್ಮ ಸುಂದ್ರಿ ಮಾಡಿದ ಗೊಂಬೆ ಮಾರಾಯ, ಬಣ್ಣ ಒಣಗ್ಲಿಕ್ಕೆ ಇಟ್ಟಿದ್ದು” ಎಂದೆ ನಾನು. ಸಾವಿನ ಬಾಯಿಂದ ಬಂದವನಿಗೆ ನನ್ನ ಮಾತು ಕೇಳುತ್ತದೆಯೇ? ನನ್ನ ಅಂಗಡಿಯಿಂದಲೇ ಒಂದು ಚಿಪ್ಪು ಬಾಳೆಹಣ್ಣು ತೆಗೆದುಕೊಂಡು ಹೋಗಿ ಅವಳ ಮುಂದಿಟ್ಟ. ಅದನ್ನು ಮಾರಿದವಳು ನಾನೇ.

ಸಂಜೆ ಸುಂದ್ರಿ ಬರುವ ಹೊತ್ತಿಗೆ ಗೊಂಬೆಯ ಕೊರಳಲ್ಲಿ ಸೇವಂತಿಗೆ ಹಾರ ಬಿದ್ದಿತ್ತು. ನಾಲ್ಕು ಬೈಕು ನಿಂತಿದ್ದವು, ಫೋಟೋ ಆಗಲೇ ವಾಟ್ಸಾಪಿನಲ್ಲಿ ಹರಿದಾಡುತ್ತಿತ್ತು. ಅವಳಿಗೆ ನಗು ತಡೆಯಲಿಲ್ಲ. ಎತ್ತಿಕೊಳ್ಳಲು ಹೋದಾಗ ಗೋವಿಂದ, “ಹೂ ಹಾಕಿದ್ದನ್ನ ಹಾಗೆಲ್ಲ ತೆಗೀಬಾರ್ದು, ಇವತ್ತೊಂದು ದಿನ ಇರ್ಲಿ ಬಿಡು” ಎಂದ. ಅವಳು ಬಿಟ್ಟಳು. ಎತ್ತಿಕೊಂಡು ಹೋಗಬೇಕಿದ್ದದ್ದು ಅವತ್ತೇ. ನಾನಾದರೂ ಗದರಿಸಿ ಎತ್ತಿಸಬೇಕಿತ್ತು.

ಮರುದಿನ ಹತ್ತು ಜನ, ಮಂಗಳವಾರ ನಲವತ್ತು ಜನ. ಹೂ ತೆಗೆಯುವುದಕ್ಕೆ, ದೀಪ ಹಚ್ಚುವುದಕ್ಕೆ ಯಾರಾದರೂ ಬೇಕಲ್ಲ, ಖಾಲಿ ಕೂತಿದ್ದವನು ಗೋವಿಂದ. ಮೊದಲು ಕಸ ಗುಡಿಸಿದ, ಆಮೇಲೆ ದೀಪಕ್ಕೆ ಎಣ್ಣೆ ಹಾಕಿದ. ಶಿವರಾತ್ರಿ ಬರುವುದರೊಳಗೆ ಜನ ಅವನನ್ನು ‘ಪೂಜಾರ್ರೇ’ ಎಂದು ಕರೆಯತೊಡಗಿದ್ದರು. ಬೆಳಿಗ್ಗೆ ಆರಕ್ಕೆ ಮಿಂದು ಬಿಳಿ ಪಂಚೆ ಉಟ್ಟು ನನ್ನ ಅಂಗಡಿಯ ಮುಂದೆ ಹೋಗುತ್ತಿದ್ದ. ಆ ಮುರಿದ ಸೊಂಟ ನೆಟ್ಟಗಾಗಿತ್ತು, ಸುಳ್ಳಲ್ಲ, ನನ್ನ ಕಣ್ಣಾರೆ ನೋಡಿದ್ದು.

“ನೀನು ಗೊಂಬೆ ತಗೊಂಡು ಬಾರೇ, ಶಿಬಿರದವರು ಕೇಳಿದ್ರೆ ಎಂತ ಮಾಡ್ತೀಯ?” ಎಂದೆ ಸುಂದ್ರಿಗೆ.

“ಏಳು ವರ್ಷದಲ್ಲಿ ಮೊದಲ್ನೇ ಸಲ ಅವರು ನನಗಿಂತ ಮುಂಚೆ ಎದ್ದಿದ್ದಾರೆ ಅಕ್ಕ” ಎಂದಳು. ಬಿಸಿತುಪ್ಪ ಬಾಯಲ್ಲಿ ಬಿದ್ದ ಹಾಗಾಗಿತ್ತು ಅವಳಿಗೆ.

ಅಷ್ಟರಲ್ಲಿ ರೇಣುಕಪ್ಪ ಬಂದ. ಬಾಳೆಹೊನ್ನೂರಿನ ಅಡಿಕೆ ವ್ಯಾಪಾರಿ. ಆವತ್ತು ಬಚಾವಾದ ಲಾರಿ ಅವನದೇ. ಶೀಟು ಹಾಕಿಸಿದ, ಸಿಮೆಂಟಿನ ಪೀಠ ಕಟ್ಟಿಸಿ ಗೊಂಬೆಯನ್ನು ಅದರಲ್ಲಿ ಕೂರಿಸಿದ, ಕಮಿಟಿ ಮಾಡಿದ. ಕಣ್ಣಿನ ಮೇಲೆ ಬೆಳ್ಳಿಯ ಕಣ್ಣು ಅಂಟಿಸಿದರು. ಒಂದು ದಿನ ರೇಣುಕಪ್ಪ ನನ್ನ ಅಂಗಡಿಯ ಬೆಂಚಿನ ಮೇಲೆಯೇ ಕೂತು ಗೋವಿಂದನಿಗೆ ಹೇಳಿದ: “ಬಿಸಿಯೂಟದವಳು ಮಾಡಿದ ಗೊಂಬೆ ಅಂದ್ರೆ ಯಾರು ಕೈ ಮುಗೀತಾರೋ? ಮೋರಿ ಅಗೆಯುವಾಗ ಸಿಕ್ಕಿದ್ದು ಅಂತ ಹೇಳು.”

ಮೊದಲ ಸಲ ಗೋವಿಂದ ತಡವರಿಸುತ್ತ ಹೇಳಿದ. ಹತ್ತನೆಯ ಸಲಕ್ಕೆ ಕತೆಗೆ ಕೈಕಾಲು ಬಂದಿತ್ತು. ಎಲ್ಲವನ್ನೂ ಕಂಡ ನನ್ನ ಎದುರಿಗೇ, “ಹಾರೆ ತಾಗಿದಾಗ ಠಣ್ ಅಂತು ಬಿಲ್ಕಿಸಕ್ಕ” ಎಂದ. ಅವನ ಕಣ್ಣು ನೋಡಿದೆ, ಸುಳ್ಳು ಹೇಳುವವನ ಕಣ್ಣಲ್ಲ. ನಂಬಿಬಿಟ್ಟಿದ್ದ. ‘ಶ್ರೀ ಉದ್ಭವ ತಿರುವಿನಮ್ಮ’ ಎಂದು ಬೋರ್ಡು ಬಂತು.

ಆಮೇಲೆ ಆದದ್ದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಸುಂದ್ರಿ ಶಾಲೆಯಲ್ಲಿ ಸಾಂಬಾರು ಕುದಿಸುತ್ತಿದ್ದ ಹೊತ್ತಿನಲ್ಲಿ ಕಮಿಟಿಯವರು ಅಟ್ಟದಲ್ಲಿದ್ದ ಇಪ್ಪತ್ತಮೂರು ಗೊಂಬೆಗಳನ್ನೂ ಬುಟ್ಟಿಗೆ ತುಂಬಿ, ಹೂ ಹಾಕಿ, ತುಂಗೆಯಲ್ಲಿ ಬಿಟ್ಟು ಬಂದರು. ಅಮ್ಮನ ಜೊತೆಯವು ಮನೆಯಲ್ಲಿರಬಾರದಂತೆ. ಅಮ್ಮನ ಮೈ ಮುಟ್ಟಿದ ಕೈ ಇನ್ನು ಬೇರೆ ಗೊಂಬೆಯನ್ನೂ ಮಾಡಬಾರದಂತೆ. ಉದ್ಭವ ಎಂದ ಬಾಯಲ್ಲೇ ಇದನ್ನೂ ಹೇಳಿದರು. ಒಬ್ಬನಾದರೂ ‘ಅದು ಹೇಗೆ’ ಎಂದು ಕೇಳಲಿಲ್ಲ. ಬುಟ್ಟಿ ಎತ್ತಿಕೊಟ್ಟವನು ಗೋವಿಂದನೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿಯೇ ಕೈ ಹಿಡಿದ ಗಂಡ.

ಸಂಜೆ ಸುಂದ್ರಿ ಬಂದು ನನ್ನ ಮಿಷನ್ನಿನ ಪಕ್ಕ ಕೂತಳು. ಕೆಳಗೆ ಬಿದ್ದ ದಾರದ ಚೂರುಗಳನ್ನು ಹೆಕ್ಕಿ ಹೆಕ್ಕಿ ಉಂಡೆ ಮಾಡಿದಳು. “ಹೆಡ್‌ಮಾಸ್ಟರೂ ಹೋದ್ರು ಅಕ್ಕ” ಎಂದಳು. ನಾನು ಅತ್ತೆ, ಅವಳು ಅಳಲಿಲ್ಲ.

ನೀನು ಯಾಕೆ ಬಾಯಿ ಬಿಡಲಿಲ್ಲ ಎಂದು ನನ್ನನ್ನು ಕೇಳಬಹುದು. ಕೇಳಬೇಕಾದದ್ದೇ. ಸುಳ್ಳು ಯಾಕೆ ಹೇಳಲಿ, ತೆಂಗಿನಕಾಯಿ ವ್ಯಾಪಾರ ಚೆನ್ನಾಗಿತ್ತು. ಅದೊಂದೇ ಅಲ್ಲ. ಗೊಂಬೆಗಳು ಹೊಳೆಗೆ ಹೋದ ಮರುದಿನ ರೇಣುಕಪ್ಪ ಅಂಗಡಿಗೆ ಬಂದು ಬೀಡಿಯನ್ನೂ ಕೊಳ್ಳದೆ ನಿಂತ. “ಬಿಲ್ಕಿಸಮ್ಮ, ನಾವು ನಾವು ಏನು ಬೇಕಾದ್ರೂ ಮಾತಾಡ್ಕೊಳ್ಬಹುದು. ದೇವರ ವಿಷಯದಲ್ಲಿ ನಿಮ್ಮಂಥವರು ಒಂದು ಮಾತಾಡಿದ್ರೆ ಅದು ಬೇರೆಯೇ ಆಗುತ್ತೆ. ನಿಮಗೆ ನಾನು ಹೇಳ್ಬೇಕಾ?” ಎಂದ. ನಗುತ್ತಲೇ ಹೇಳಿದ. ಹೇಳುವ ಅಗತ್ಯ ಇರಲಿಲ್ಲ. ನನಗೆ ಮಗಳಿದ್ದಾಳೆ, ನನ್ನ ಗಂಡ ಅಬ್ದುಲ್ ವಹಾಬ್ ದಿನಾ ಆಟೋ ಓಡಿಸುವುದು ಇದೇ ರಸ್ತೆಯಲ್ಲಿ. ಬಡವನ ಕೋಪ ದವಡೆಗೆ ಮೂಲ ಎಂದುಕೊಂಡು ನಾಲಿಗೆ ಕಚ್ಚಿಕೊಂಡೆ.

ಏಪ್ರಿಲ್ ಮೊದಲ ವಾರ ಅಂಬರೀನ್ ಮೊಬೈಲಿಗೆ ಫೋನು ಬಂತು. ಮುನ್ನೂರು ಅರ್ಜಿಯಲ್ಲಿ ಆರು ಜನ, ಅದರಲ್ಲಿ ತ್ರಿಪುರಸುಂದರಿ ಒಬ್ಬಳು. ಸ್ಪೀಕರಿನಲ್ಲಿ ಈಶಾನ ಅವರ ಧ್ವನಿ ನಾವೆಲ್ಲ ಕೇಳಿದೆವು. ಫೋಟೋದಲ್ಲಿರುವ ಗೊಂಬೆಯನ್ನೇ ತರಬೇಕು, ಹಿಂದಿನ ವರ್ಷ ಇಬ್ಬರು ಬೇರೆಯವರು ಮಾಡಿದ್ದರ ಫೋಟೋ ಕಳಿಸಿ ಮೋಸ ಮಾಡಿದ್ದಾರೆ ಎಂದರು.

“ತರ್ಲಿಕ್ಕೆ ಆಗಲ್ಲ ಸಾರ್. ಅದನ್ನ ಸಿಮೆಂಟಿನಲ್ಲಿ ಕೂರಿಸಿಬಿಟ್ಟಿದ್ದಾರೆ” ಎಂದಳು ಸುಂದ್ರಿ.

“ಹಾಗಾದ್ರೆ ಪರವಾಗಿಲ್ಲ, ಬರುವ ಮಂಗಳವಾರ ನಾನು ಶೃಂಗೇರಿಗೆ ಬರೋದಿದೆ, ಅಲ್ಲೇ ನೋಡ್ತೀನಿ. ನೀವು ಅದರ ಪಕ್ಕ ನಿಂತು ನಾನೇ ಮಾಡಿದ್ದು ಅಂದ್ರೆ ಸಾಕು, ಅಲ್ಲೇ ಹೆಸರು ಬರ್ಕೊಳ್ತೀನಿ.”

ಬೇಕಾದದ್ದು ಒಂದೇ ಮಾತು. ಫೋನು ಇಟ್ಟ ಮೇಲೆ ನಾನು ಅವಳ ಭುಜ ಹಿಡಿದು ಅಲುಗಿಸಿದೆ. “ಹೇಳಿಬಿಡು ಸುಂದ್ರಿ. ಮೂರು ತಿಂಗಳು ಈ ತಿರುವು ಬಿಟ್ಟು ಹೋಗು. ಆಮೇಲೆ ಏನಾದ್ರೂ ಆಗ್ಲಿ.”

“ಹೇಳ್ತೀನಿ ಅಕ್ಕ. ಹೇಳೇ ಹೇಳ್ತೀನಿ.”

ಗೋವಿಂದನಿಗೂ ಹೇಳಿದಳಂತೆ. ಅವನು ಜಗಳವಾಡಲಿಲ್ಲ. “ಹೇಳು. ನಿಂದೇ ಅಲ್ವಾ” ಎಂದನಂತೆ. ಅವತ್ತು ಊಟ ಮಾಡಲಿಲ್ಲವಂತೆ, ಮರುದಿನ ಎದ್ದದ್ದೂ ತಡವಂತೆ. ಜಗಳವಾಡಿದ್ದರೆ ಎಷ್ಟೋ ಒಳ್ಳೆಯದಿತ್ತು ಎಂದಳು.

ಮಂಗಳವಾರ ಹನ್ನೊಂದಕ್ಕೆ ಕಾರು ಬಂತು. ನಾನು ತೆಂಗಿನಕಾಯಿಯ ಚೀಲ ಹೊತ್ತು ಪೀಠದ ಹತ್ತಿರವೇ ಇದ್ದೆ. ಐವತ್ತು ಜನ ಸಾಲಿನಲ್ಲಿದ್ದರು. ರೇಣುಕಪ್ಪ ಕುರ್ಚಿ ಹಾಕಿಕೊಂಡು ಕೂತಿದ್ದ. ಈಶಾನ ಕಾರಿನಿಂದ ಇಳಿದು, ಚಪ್ಪಲಿ ಬಿಟ್ಟು, ಸೀದಾ ಗೊಂಬೆಯ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತರು. ನಲವತ್ತರ ಮನುಷ್ಯ, ಉಗುರಿನ ಸಂದಿಯಲ್ಲಿ ಒಣಗಿದ ಮಣ್ಣು. ಕುಂಕುಮದ ರಾಶಿಯೊಳಗಿನ ಆ ಕೈಯನ್ನು, ಕಿವಿಯನ್ನು, ಅರ್ಧ ತೆರೆದ ಬಾಯಿಯನ್ನು ಎಷ್ಟು ಹೊತ್ತು ನೋಡಿದರೋ. ಅಷ್ಟು ಜನ ಕೈ ಮುಗಿದಿದ್ದರು. ಅದನ್ನು ನಿಜವಾಗಿ ನೋಡಿದ್ದು ಅವರೊಬ್ಬರೇ.

“ಕಣ್ಣು ಮುಚ್ಚಿಬಿಟ್ಟಿದ್ದಾರಲ್ಲ” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಎದ್ದು ನಿಂತು ಕೇಳಿದರು: “ತ್ರಿಪುರಸುಂದರಿ ಅಂದ್ರೆ ಯಾರು?”

ಸುಂದ್ರಿ ಮುಂದೆ ಬಂದಳು. ಒಳ್ಳೆಯ ಸೀರೆ ಉಟ್ಟಿದ್ದಳು.

“ಇದನ್ನ ಮಾಡಿದ್ದು ನೀವೇ ತಾನೆ?”

“ಸಾರ್, ಇದು ಉದ್ಭವ. ಮೋರಿ ಅಗೆಯುವಾಗ…” ಎಂದು ರೇಣುಕಪ್ಪ ಎದ್ದ.

“ನಾನು ಅವರನ್ನ ಕೇಳಿದ್ದು” ಎಂದರು ಈಶಾನ.

ಸಾಲಿನವರು ಮುಂದೆ ಸರಿಯುವುದನ್ನು ಬಿಟ್ಟು ಇತ್ತ ತಿರುಗಿದರು. ಸುಂದ್ರಿ ರೇಣುಕಪ್ಪನ ಕಡೆ ನೋಡಲೇ ಇಲ್ಲ. ಅವಳು ನೋಡಿದ್ದು ಗೋವಿಂದನನ್ನು. ಅವನು ಮಂಗಳಾರತಿ ತಟ್ಟೆ ಹಿಡಿದು ನಿಂತಿದ್ದ. ಅವಳನ್ನು ತಡೆಯುವ ಹಾಗೆ ಒಂದು ಸನ್ನೆಯನ್ನೂ ಮಾಡಲಿಲ್ಲ. ಸೊಂಟ ಮಾತ್ರ ಆಗಲೇ ಬಗ್ಗಿತ್ತು, ಮರದಿಂದ ಬಿದ್ದ ವರ್ಷ ಬಗ್ಗಿದ್ದಂತೆ.

ಹೇಳು, ಹೇಳು ಎಂದು ನಾನು ಒಳಗೊಳಗೇ ಅನ್ನುತ್ತಿದ್ದೆ.

“ಅಲ್ಲ ಸಾರ್” ಎಂದಳು ಸುಂದ್ರಿ. “ನಾನು ಮಾಡಿದ್ದಲ್ಲ.”

ಈಶಾನ ಅವಳ ಕೈಗಳನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. “ಎದುರಿನ ಅಂಗಡಿ ನಿಮ್ದೇ ಅಲ್ವಾ ಅಮ್ಮ? ನಿಮಗೆ ಗೊತ್ತಿರ್ಬೇಕು. ಯಾರು ಮಾಡಿದ್ದು?”

ರೇಣುಕಪ್ಪ ನನ್ನನ್ನು ನೋಡಿದ. ಸುಂದ್ರಿಯೂ ನೋಡಿದಳು. ಅವಳ ಬದಲಿಗೆ ನಾನಾದರೂ ಹೇಳಲಿ ಎಂಬ ಆಸೆ ಆ ಕಣ್ಣಲ್ಲಿತ್ತೋ, ಹೇಳಬೇಡಿ ಎಂಬ ಬೇಡಿಕೆ ಇತ್ತೋ, ಇವತ್ತಿಗೂ ನನಗೆ ತಿಳಿದಿಲ್ಲ. ತಿಳಿದುಕೊಳ್ಳುವ ಧೈರ್ಯವೂ ಇಲ್ಲ.

“ಗೊತ್ತಿಲ್ಲ ಸಾರ್. ಎಲ್ರೂ ಉದ್ಭವ ಅಂತಾರೆ” ಎಂದೆ.

ಅವರು ಜೇಬಿನಿಂದ ಚೀಟಿ ತೆಗೆದು ಒಂದು ಹೆಸರಿನ ಮೇಲೆ ಗೀಟು ಹಾಕಿದರು. ಸಿಟ್ಟಿರಲಿಲ್ಲ, ಬೇಸರವಿತ್ತು. “ಮಾಡಿದವರಾಗಿದ್ರೆ ಅಲ್ಲ ಅನ್ಲಿಕ್ಕೆ ಬಾಯಿ ಬರ್ತಿರ್ಲಿಲ್ಲ” ಎಂದು ಹೇಳಿ ಕಾರು ಹತ್ತಿದರು.

ಸಾಲು ಮತ್ತೆ ಅಲುಗಾಡಿತು. ರೇಣುಕಪ್ಪ ಕುರ್ಚಿಯಲ್ಲಿ ಕೂತ. ಗೋವಿಂದ ಸಾಲಿನವರನ್ನೆಲ್ಲ ಕೈಸನ್ನೆಯಲ್ಲಿ ತಡೆದು, ತೀರ್ಥದ ತಂಬಿಗೆ ತೆಗೆದುಕೊಂಡು ಮೊದಲು ಹೆಂಡತಿಯ ಹತ್ತಿರ ಬಂದ. ಅವನ ಕಣ್ಣು ತುಂಬಿ ಹರಿಯುತ್ತಿತ್ತು. ತಂಬಿಗೆ ಬಗ್ಗಿಸುವಾಗ ಅವಳಿಗಷ್ಟೇ ಕೇಳುವ ಹಾಗೆ, ಪಕ್ಕದಲ್ಲಿದ್ದ ನನಗೂ ಕೇಳಿತು, ಹೇಳಿದ:

“ನೀನೇ ಮಾಡಿದ್ದು ಅಂತ ನಂಗೆ ಗೊತ್ತಲ್ಲ ಸುಂದ್ರಿ. ಅಷ್ಟು ಸಾಕಲ್ಲ?”

ಸುಂದ್ರಿ ಬಲಗೈ ಒಡ್ಡಿದಳು.

“ಸಾಕು” ಎಂದಳು.